ಝಾನ್: ಒಂದು ಫ್ರೆಂಚ್ ಹೆಸರಿನ ಕಥೆ

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಮೂಸಾರಾಂಬಾಗ್ ಎಂಬ ಬಡಾವಣೆಯ ಹೆಸರು ಹೊಸದಲ್ಲ. ಮಲಕಪೇಟೆಯ ಕಡೆ ಹೋಗುವವರು ದಿನವೂ ಕೇಳುವ ಹೆಸರದು. ಆದರೆ ಅದರಲ್ಲಿ ರಾಮನೂ ಇಲ್ಲ, ಮೂಸಾ ಪ್ರವಾದಿಯೂ ಇಲ್ಲವೆಂಬುದನ್ನು ಬಲ್ಲವರು ಕಡಿಮೆ. ನಿಜಾಮ್ ಅಲಿಖಾನನ ಸೈನ್ಯದಲ್ಲಿ ಫ್ರೆಂಚ್ ಪಡೆಯ ನಾಯಕನಾಗಿದ್ದ ರೇಮಾಂಡ್ ಎಂಬಾತನನ್ನು ಅವನ ಜನ 'ಮೊಸ್ಯೂ ರೇಮೊಂ' ಎಂದು ಕರೆಯುತ್ತಿದ್ದರು. ಆ ಮಾತು ಇಲ್ಲಿಯ ಮುಸಲ್ಮಾನರ ಬಾಯಲ್ಲಿ 'ಮೂಸಾ ರಹೀಂ' ಆಯಿತು, ಹಿಂದುಗಳ ಬಾಯಲ್ಲಿ 'ಮೂಸಾ ರಾಂ' ಆಯಿತು. ಅವನಿಗಿಂತ ಮುಂಚೆ ದಖ್ಖಣಕ್ಕೆ ಬಂದಿದ್ದ ಬುಸ್ಸಿಯೂ ಹೀಗೆಯೇ 'ಮೂಸಾ ಬೂಸಿ' ಎನಿಸಿಕೊಂಡಿದ್ದನು. ರೇಮಾಂಡ್ ತೀರಿಕೊಂಡದ್ದು 1798ರ ಮಾರ್ಚ್ 25ರಂದು. ಗುಡ್ಡದ ಮೇಲೆ ಅವನ ಸಮಾಧಿಯ ಕಲ್ಲಿನ ಕಂಬ ಈಗಲೂ ನಿಂತಿದೆ. ಅವನ ಪೂರ್ತಿ ಹೆಸರು ಮಿಶೆಲ್ ಝೊಆಕೀಂ ಮಾರೀ ರೇಮೊಂ. ಗಂಡಸಿನ ಹೆಸರಿನಲ್ಲಿ 'ಮಾರೀ', ಅಂದರೆ ಮೇರಿ, ಎಂಬ ಹೆಣ್ಣು ಹೆಸರು ಸೇರಿರುವುದನ್ನು ಕಂಡು ಓದುಗರು ಬೆರಗಾಗಬೇಕಾಗಿಲ್ಲ. ಕ್ರಿಸ್ತಮಾತೆಯ ರಕ್ಷಣೆ ಇರಲೆಂದು ಗಂಡುಮಕ್ಕಳಿಗೂ ಆ ಹೆಸರನ್ನು ಸೇರಿಸುವುದು ಫ್ರಾನ್ಸಿನ ಹಳೆಯ ವಾಡಿಕೆ.

ಹೀಗೆ ಫ್ರೆಂಚ್ ಗಂಡಸರ ಹೆಸರುಗಳು ನಮ್ಮ ಊರಿನ ಬಡಾವಣೆಗಳಲ್ಲಿ ಬೆರೆತುಹೋಗಿವೆ. ಫ್ರೆಂಚ್ ಹೆಂಗಸರ ಹೆಸರುಗಳ ಗತಿಯೇನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇದಕ್ಕೆ ಉತ್ತರವಾಗಿ ಒಂದೇ ಒಂದು ಹೆಸರನ್ನು ಎತ್ತಿಕೊಂಡು ಅದರ ಅರ್ಥವನ್ನೂ ಬಳಕೆಯನ್ನೂ ನೋಡುವುದು ಈ ಲೇಖನದ ಉದ್ದೇಶ. ಆ ಹೆಸರು 'ಝಾನ್'.

ಮೊದಲು ಉಚ್ಚಾರದ ಮಾತು. 'ಝಾನ್' ಎಂದು ಬರೆದರೂ ಅದು ನಮ್ಮ ಮಹಾಪ್ರಾಣದ 'ಝ' ಅಲ್ಲ. ಇಂಗ್ಲಿಷಿನ 'ಮೆಷರ್', 'ಪ್ಲೆಷರ್' ಮೊದಲಾದ ಪದಗಳ ನಡುವೆ ಕೇಳಿಬರುವ ಸದ್ದು ಅದು. ಕನ್ನಡದಲ್ಲಿ ಅದಕ್ಕೆ ಅಕ್ಷರವಿಲ್ಲ. ಉರ್ದುವಿನಲ್ಲಿ ಮೂರು ಚುಕ್ಕೆಗಳ 'ಝೇ' ಎಂಬ ಅಕ್ಷರವೇ ಇದೆ. ಆದ್ದರಿಂದ ಹೈದರಾಬಾದಿನಲ್ಲಿ ಉರ್ದು ಓದಿದ ಹಿರಿಯರಿಗೆ ಈ ಹೆಸರನ್ನು ಸರಿಯಾಗಿ ಹೇಳುವುದು ಕಷ್ಟವಲ್ಲ. ಗಂಡಸಿನ ಹೆಸರು 'ಝಾಂ'. ಅದು ಮೂಗಿನಲ್ಲಿ ಮುಗಿಯುತ್ತದೆ. ಹೆಂಗಸಿನದು 'ಝಾನ್', ಅದರಲ್ಲಿ ಕೊನೆಯ ನಕಾರ ಸ್ಪಷ್ಟವಾಗಿ ಕೇಳುತ್ತದೆ. ಇನ್ನೊಂದು ತೊಡಕೂ ಇದೆ. ಫ್ರೆಂಚರು 'ಝಾಂ' ಎಂದು ಓದುವ ಅಕ್ಷರಗಳನ್ನೇ ಇಂಗ್ಲಿಷರು 'ಜೀನ್' ಎಂದು ಓದುತ್ತಾರೆ. ಫ್ರಾನ್ಸಿನಲ್ಲಿ ಅದು ಗಂಡಸಿನ ಹೆಸರಾದರೆ ಸ್ಕಾಟ್ಲೆಂಡಿನಲ್ಲಿ ಹೆಂಗಸಿನದು. ಕಾಗದದ ಮೇಲೆ ಬರೆದ ಹೆಸರು ನೋಡಿ ಗಂಡೋ ಹೆಣ್ಣೋ ಹೇಳುವಂತಿಲ್ಲ.

ಹೆಸರಿನ ಮೂಲ ಹೀಬ್ರೂ ಭಾಷೆಯ 'ಯೋಹಾನಾನ್'. 'ದೇವರು ಕೃಪೆ ತೋರಿದ್ದಾನೆ' ಎಂಬುದು ಅದರ ಅರ್ಥ. ಗ್ರೀಕರು ಅದನ್ನು ಯೋಆನೇಸ್ ಎಂದರು, ಲ್ಯಾಟಿನ್ನಿನಲ್ಲಿ ಗಂಡಿಗೆ ಯೋಹಾನೆಸ್, ಹೆಣ್ಣಿಗೆ ಯೋಹಾನ್ನ ಎಂದಾಯಿತು. ಅಲ್ಲಿಂದ ಹಳೆಯ ಫ್ರೆಂಚಿಗೆ, ಹಳೆಯ ಫ್ರೆಂಚಿನಿಂದ ಇಂದಿನ ಝಾನ್‌ಗೆ. ಲೂಕನ ಸುವಾರ್ತೆಯಲ್ಲಿ ಹೆರೋದನ ಅಧಿಕಾರಿಯೊಬ್ಬನ ಹೆಂಡತಿಯಾಗಿ ಬರುವ ಯೋಹಾನಳೂ ಇದೇ ಹೆಸರಿನವಳು. ಇಂಗ್ಲಿಷಿನ ಜೋನ್, ಜೇನ್, ಜಾನೆಟ್, ಜೋಆನ, ಸ್ಪೇನಿನ ಹುವಾನಾ, ಇಟಲಿಯ ಜೊವಾನ್ನಾ ಎಲ್ಲವೂ ಒಂದೇ ತಾಯಿಯ ಮಕ್ಕಳು. ಜೇನ್ ಎಂದೊಡನೆ ಕನ್ನಡದ ಕಿವಿಗೆ ಜೇನುತುಪ್ಪ ನೆನಪಾಗುವುದು ಬೇರೆ ಮಾತು.

ಇಲ್ಲಿ ನಮ್ಮವರಿಗೆ ಕುತೂಹಲ ಹುಟ್ಟಿಸುವ ಸಂಗತಿಯೊಂದಿದೆ. ಕುರಾನಿನಲ್ಲಿ ಬರುವ ಯಹ್ಯಾ ಪ್ರವಾದಿ ಬೈಬಲ್ಲಿನ ಸ್ನಾನಿಕ ಯೋಹಾನನೇ. ತಮಿಳುನಾಡಿನ ಕ್ಯಾಥೊಲಿಕರು ಆ ಹೆಸರನ್ನು ಹಾಗೆಯೇ ಇಟ್ಟುಕೊಳ್ಳದೆ ಅರ್ಥವನ್ನೇ ತಮಿಳಿಗೆ ತಂದುಕೊಂಡರು. 'ಅರುಳ್' ಎಂದರೆ ಕೃಪೆ. ಯೋಹಾನನು 'ಅರುಳಪ್ಪ' ಆದನು. ಪೇತ್ರ ರಾಯಪ್ಪನಾದ, ಪೌಲ ಚಿನ್ನಪ್ಪನಾದ. ಬೆಂಗಳೂರು, ಮೈಸೂರು ಕಡೆಯ ಕನ್ನಡ ಕ್ರೈಸ್ತರಲ್ಲೂ ಈ ಹೆಸರುಗಳು ಬಳಕೆಯಲ್ಲಿವೆ. ಹೈದರಾಬಾದಿನ ಕ್ಯಾಥೊಲಿಕ್ ಧರ್ಮಪ್ರಾಂತ್ಯಕ್ಕೆ ಸುಮಾರು 28 ವರ್ಷ ಕಾಲ, 2000ದವರೆಗೆ, ಮಹಾಧರ್ಮಾಧ್ಯಕ್ಷರಾಗಿದ್ದವರ ಹೆಸರೂ ಅರುಳಪ್ಪ ಎಂದೇ. ತಾರ್ನಾಕದಂಥ ಬಡಾವಣೆಯ ಒಂದು ಬೀದಿಯಲ್ಲಿ ಯಹ್ಯಾ, ಜಾನ್, ಯೋಹಾನು, ಅರುಳಪ್ಪ ಎಂಬ ನಾಲ್ವರು ನೆರೆಹೊರೆಯವರಿದ್ದರೆ, ನಾಲ್ವರದೂ ಒಂದೇ ಹೆಸರೆಂದು ಅವರಿಗೇ ತಿಳಿಯದಿರಬಹುದು. ನಮ್ಮಲ್ಲಿ ಕೃಪಾ, ಕರುಣಾ, ಪ್ರಸಾದ, ದೇವದತ್ತ ಎಂದು ಹೆಸರಿಡುವುದರ ಹಿಂದೆ ಇರುವ ಭಾವನೆಯೂ ಇದೇ ಅಲ್ಲವೆ? ಮಗು ದೇವರ ಕೊಡುಗೆ ಎಂಬ ನಂಬಿಕೆಗೆ ಭಾಷೆಯ ಗಡಿಯಿಲ್ಲ.

ಈ ಹೆಸರಿನವರಲ್ಲಿ ಜಗತ್ತಿಗೆಲ್ಲ ಗೊತ್ತಿರುವವಳು ಝಾನ್ ದಾರ್ಕ್. ನಮ್ಮ ಶಾಲೆಯ ಚರಿತ್ರೆ ಪುಸ್ತಕಗಳು ಅವಳನ್ನು ಇಂಗ್ಲಿಷಿನ ದಾರಿಯಲ್ಲಿ 'ಜೋನ್ ಆಫ್ ಆರ್ಕ್' ಎಂದು ಕರೆದವು. ಹಳ್ಳಿಯ ಒಕ್ಕಲಿನ ಮಗಳು. 1429ರಲ್ಲಿ ಇಂಗ್ಲಿಷರು ಮುತ್ತಿದ್ದ ಓರ್ಲಿಯಾಂ ಪಟ್ಟಣವನ್ನು ಬಿಡಿಸಿದಳು, ಮರುವರ್ಷ ಸೆರೆಸಿಕ್ಕಳು, 1431ರ ಮೇ 30ರಂದು ರೂಆಂ ನಗರದಲ್ಲಿ ಅವಳನ್ನು ಜೀವಂತ ಸುಟ್ಟರು. ಆಗ ಅವಳಿಗೆ ಸುಮಾರು 19 ವರ್ಷ. 1456ರಲ್ಲಿ ಆ ತೀರ್ಪು ರದ್ದಾಯಿತು. 1920ರಲ್ಲಿ ರೋಮಿನ ಧರ್ಮಸಭೆ ಅವಳನ್ನು ಸಂತಳೆಂದು ಸಾರಿತು. ಕಿತ್ತೂರು ಚೆನ್ನಮ್ಮನನ್ನೂ ಓಬವ್ವನನ್ನೂ ಬಲ್ಲ ನಮಗೆ ಇಂಥ ಹೆಣ್ಣಿನ ಕಥೆ ಅಪರಿಚಿತವೆನಿಸುವುದಿಲ್ಲ. ಆದರೆ ಹೆಸರಿನ ವಿಷಯದಲ್ಲಿ ಅವಳು ವಿಚಾರಣೆಯಲ್ಲಿ ಕೊಟ್ಟ ಹೇಳಿಕೆ ಅಷ್ಟಾಗಿ ಪ್ರಚಾರವಾಗಿಲ್ಲ. ತನ್ನ ಊರಿನಲ್ಲಿ ತನ್ನನ್ನು ಝಾನೆತ್ ಎನ್ನುತ್ತಿದ್ದರೆಂದೂ ಫ್ರಾನ್ಸಿಗೆ ಬಂದ ಮೇಲೆ ಝಾನ್ ಎಂದು ಕರೆದರೆಂದೂ ಅವಳು ನ್ಯಾಯಾಧೀಶರಿಗೆ ತಿಳಿಸಿದಳು. ತಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳು ತಾಯಿಯ ಮನೆತನದ ಹೆಸರನ್ನು ಇಟ್ಟುಕೊಳ್ಳುವುದು ರೂಢಿಯೆಂದೂ ಹೇಳಿದಳು. ಅಳಿಯಸಂತಾನದ ಪದ್ಧತಿಯನ್ನು ಕಂಡಿರುವ ನಮ್ಮ ದಕ್ಷಿಣ ಕನ್ನಡದವರಿಗೆ ಈ ಮಾತು ರುಚಿಸೀತು. 'ದಾರ್ಕ್' ಎಂಬುದು ತಂದೆಯ ಕಡೆಯ ಹೆಸರು. ಜಗತ್ತು ಅದನ್ನೇ ಉಳಿಸಿಕೊಂಡಿತು.

ಇನ್ನು ನಮ್ಮ ನೆಲಕ್ಕೆ ಬರೋಣ. ದಕ್ಷಿಣ ಭಾರತದ ಚರಿತ್ರೆಯಲ್ಲಿ ಈ ಹೆಸರಿನ ಹೆಂಗಸೊಬ್ಬಳು ದೊಡ್ಡ ಪಾತ್ರ ವಹಿಸಿದ್ದಾಳೆ. ಪಾಂಡಿಚೇರಿಯ ಗವರ್ನರ್ ಡೂಪ್ಲೆಯ ಹೆಂಡತಿ ಝಾನ್ ಆಲ್ಬೇರ್ ಹುಟ್ಟಿದ್ದೇ ಪಾಂಡಿಚೇರಿಯಲ್ಲಿ, 1706ರಲ್ಲಿ. ತಂದೆ ಫ್ರೆಂಚ್ ಕಂಪನಿಯ ವೈದ್ಯ. ತಾಯಿಯ ಕಡೆ ಪೋರ್ಚುಗೀಸರ ಮತ್ತು ಈ ದೇಶದವರ ರಕ್ತ. ಹದಿಮೂರನೆಯ ವಯಸ್ಸಿಗೇ ವೆಂಸಾನ್ ಎಂಬ ವರ್ತಕನೊಡನೆ ಮದುವೆಯಾಗಿ, ಬಹಳ ಮಕ್ಕಳನ್ನು ಹೆತ್ತು, ವಿಧವೆಯಾದ ಮೇಲೆ 1741ರಲ್ಲಿ ಚಂದ್ರನಗರದಲ್ಲಿ ಡೂಪ್ಲೆಯ ಕೈಹಿಡಿದಳು. ಮರುವರ್ಷ ಡೂಪ್ಲೆ ಪಾಂಡಿಚೇರಿಯ ಗವರ್ನರ್ ಆದನು. ಗಂಡನಿಗೆ ದೇಶಭಾಷೆ ಬಾರದು, ಹೆಂಡತಿಗೆ ತಮಿಳು ಮನೆಮಾತಿನಂತೆ ಬರುತ್ತಿತ್ತು. ನವಾಬರ, ಸರದಾರರ ಪತ್ರವ್ಯವಹಾರದಲ್ಲಿ ಅವಳ ಕೈ ಸೇರಿತು. ದೇಶೀ ದರ್ಬಾರುಗಳಲ್ಲಿ ಅವಳಿಗೆ 'ಜಾನ್ ಬೇಗಂ' ಎಂಬ ಹೆಸರು ಬಂತು. ಇಂಗ್ಲಿಷ್ ಚರಿತ್ರಕಾರರು ಕೆಲವೆಡೆ 'ಜೋಆನ್ನ ಬೇಗಂ' ಎಂದೂ ಬರೆದಿದ್ದಾರೆ. ಫಾರಸಿಯಲ್ಲಿ 'ಜಾನ್' ಎಂದರೆ ಪ್ರಾಣ. ಪ್ರೀತಿಪಾತ್ರರನ್ನು ಕರೆಯುವ ಮಾತೂ ಹೌದು. ಝಾನ್ ಎಂಬ ಪರದೇಶದ ಹೆಸರು ಜಾನ್ ಎಂಬ ಫಾರಸಿ ಮಾತಿನೊಳಗೆ ಸಲೀಸಾಗಿ ಕುಳಿತುಕೊಂಡಿತು. ಮೊಸ್ಯೂ ಮೂಸಾ ಆದ ರೀತಿಯೂ ಇದೇ ತಾನೆ?

ಹೈದರಾಬಾದಿಗೂ ಈ ಮನೆತನಕ್ಕೂ ಸಂಬಂಧವಿದೆ. 1750ರ ಡಿಸೆಂಬರಿನಲ್ಲಿ ಜಿಂಜಿಯ ಬಳಿ ನಾಸಿರ್ ಜಂಗ್ ಹತನಾದ ಮೇಲೆ ಡೂಪ್ಲೆಯು ಮುಜಫ್ಫರ್ ಜಂಗನನ್ನು ದಖ್ಖಣದ ಸುಬೇದಾರನೆಂದು ಪಾಂಡಿಚೇರಿಯಲ್ಲಿಯೇ ದರ್ಬಾರು ನಡೆಸಿ ಸಾರಿದನು. ಹೊಸ ಸುಬೇದಾರನೊಡನೆ ಹೊರಟ ಫ್ರೆಂಚ್ ದಂಡಿನ ನಾಯಕನೇ ಬುಸ್ಸಿ. ದಾರಿಯಲ್ಲಿ, 1751ರ ಆರಂಭದಲ್ಲಿ, ಮುಜಫ್ಫರ್ ಜಂಗ್ ಸತ್ತಾಗ ಸಲಾಬತ್ ಜಂಗನನ್ನು ಗಾದಿಗೆ ಏರಿಸಿದವನೂ ಬುಸ್ಸಿಯೇ. ಈ ಬುಸ್ಸಿಗೆ ಜಾನ್ ಬೇಗಮಳ ಮೊದಲ ಮದುವೆಯ ಮಗಳೊಬ್ಬಳನ್ನು ಕೊಡುವ ಮಾತು ನಿಶ್ಚಯವಾಗಿತ್ತು. ಮದುವೆ ಮಾತ್ರ ನಡೆಯಲಿಲ್ಲ. ಏಳು ವರ್ಷ ಹೈದರಾಬಾದು, ಔರಂಗಾಬಾದುಗಳಲ್ಲಿ ಬುಸ್ಸಿಯ ಮಾತೇ ನಡೆಯಿತು. ಕನ್ನಡ ನಾಡೂ ಇದರ ಬಿಸಿಯನ್ನು ಅನುಭವಿಸಿತು. 1755ರಲ್ಲಿ ಸಲಾಬತ್ ಜಂಗನೂ ಬುಸ್ಸಿಯೂ ಶ್ರೀರಂಗಪಟ್ಟಣದ ಮೇಲೆ ಬಂದು ಕುಳಿತಾಗ ದಳವಾಯಿ ದೇವರಾಜಯ್ಯ 50 ಲಕ್ಷ ರೂಪಾಯಿಗೂ ಮಿಕ್ಕ ಕಪ್ಪವನ್ನು ಒಪ್ಪಿಕೊಳ್ಳಬೇಕಾಯಿತು. ಅಷ್ಟು ಹೊತ್ತಿಗೆ ಡೂಪ್ಲೆ ದಂಪತಿಗಳು ಭಾರತ ಬಿಟ್ಟಾಗಿತ್ತು. 1754ರಲ್ಲಿ ಡೂಪ್ಲೆಯನ್ನು ವಾಪಸು ಕರೆಸಿಕೊಂಡರು. ತನ್ನ ಐವತ್ತನೆಯ ವಯಸ್ಸಿನಲ್ಲಿ, 1756ರ ಡಿಸೆಂಬರಿನಲ್ಲಿ, ಝಾನ್ ಪ್ಯಾರಿಸಿನಲ್ಲಿ ತೀರಿಕೊಂಡಳು. ಹುಟ್ಟಿ ಬೆಳೆದ ಊರಿಗೆ ಅವಳು ಮರಳಿ ಬರಲಿಲ್ಲ.

ಈಕೆಯ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಆನಂದರಂಗ ಪಿಳ್ಳೆಯ ದಿನಚರಿಯಿಂದ ಬಂದದ್ದು. ಡೂಪ್ಲೆಯ ದುಬಾಷಿಯಾಗಿದ್ದ ಪಿಳ್ಳೆ 1736ರಿಂದ 1761ರವರೆಗೆ ತಮಿಳಿನಲ್ಲಿ ಬರೆದಿಟ್ಟ ಈ ದಿನಚರಿ 12 ಸಂಪುಟಗಳಲ್ಲಿ ಇಂಗ್ಲಿಷಿಗೆ ಅನುವಾದವಾಗಿ ಮದರಾಸು ಸರ್ಕಾರದಿಂದ ಪ್ರಕಟವಾಯಿತು. ಪಿಳ್ಳೆಗೆ ಮದಾಂ ಕಂಡರೆ ಆಗದು. ಲಂಚ ತೆಗೆದುಕೊಳ್ಳುತ್ತಾಳೆ, ಆಡಳಿತದಲ್ಲಿ ಕೈಹಾಕುತ್ತಾಳೆ, ಗೂಢಚಾರರನ್ನು ಇಟ್ಟುಕೊಂಡಿದ್ದಾಳೆ ಎಂದು ಪುಟಪುಟಕ್ಕೂ ದೂರು. 1748ರಲ್ಲಿ ಇಂಗ್ಲಿಷರು ಪಾಂಡಿಚೇರಿಯನ್ನು ಮುತ್ತಿದ್ದಾಗ ಅಲ್ಲಿನ ವೇದಪುರೀಶ್ವರ ದೇವಾಲಯವನ್ನು ಕೆಡವಿದರು. ಅದಕ್ಕೂ ಮದಾಂ ಮುಖ್ಯ ಕಾರಣವೆಂದು ಪಿಳ್ಳೆ ದುಃಖದಿಂದ ಬರೆದಿದ್ದಾನೆ. 'ದೇವರ ಕೃಪೆ' ಎಂಬ ಹೆಸರು ಹೊತ್ತವಳನ್ನು ಆ ಊರಿನ ಹಿಂದುಗಳು ಯಾವ ದೃಷ್ಟಿಯಿಂದ ನೋಡಿದರೆಂಬುದು ಇದರಿಂದ ತಿಳಿಯುತ್ತದೆ. ದೇವಾಲಯ ಬಿದ್ದದ್ದು ನಿಜ. ಆ ನೋವೂ ನಿಜ. ಆದರೆ ದುಬಾಷಿ ಹುದ್ದೆಗೆ ಮದಾಂ ಬೇರೆಯವರನ್ನು ಬೆಂಬಲಿಸಿದ್ದಳೆಂಬುದನ್ನೂ ಓದುಗರು ಮರೆಯಬಾರದು. ಪಿಳ್ಳೆ ಬರೆದದ್ದು ಉಳಿದಿದೆ, ಮದಾಂ ಹೀಗೆ ದಿನಚರಿ ಬರೆದಿಡಲಿಲ್ಲ. ಗಂಡನ ತಪ್ಪುಗಳ ಎಷ್ಟು ಭಾಗ ಹೆಂಡತಿಯ ಲೆಕ್ಕಕ್ಕೆ ಹೋಗಿದೆ ಎಂದು ಕೇಳುವುದು ನ್ಯಾಯವೇ ಆಗಿದೆ.

ಮೂರನೆಯ ಝಾನ್ ನಮ್ಮ ಮನೆಯ ಬೇಲಿಗೆ ಸಂಬಂಧಪಟ್ಟವಳು. ಹೈದರಾಬಾದು ಬೆಂಗಳೂರುಗಳ ಕಾಂಪೌಂಡುಗಳ ಮೇಲೆ ಕೆಂಪಗೆ, ನೇರಳೆಯಾಗಿ ಹಬ್ಬಿ ನಿಂತ ಕಾಗದದಂಥ ಹೂವಿನ ಬಳ್ಳಿ, ಬೋಗನ್‌ವಿಲ್ಲಾ, ಎಲ್ಲರಿಗೂ ಗೊತ್ತು. ಬೂಗೆಂವೀಲ್ ಎಂಬ ಫ್ರೆಂಚ್ ನಾವಿಕನ ಹೆಸರು ಅದಕ್ಕೆ ಬಂದಿದೆ. ಅವನ ಹಡಗುಗಳು 1766ರಿಂದ 1769ರವರೆಗೆ ಭೂಮಿಯನ್ನು ಸುತ್ತಿದವು. ಜೊತೆಗಿದ್ದ ಸಸ್ಯಶಾಸ್ತ್ರಜ್ಞ ಕಾಮೆರ್ಸೊಂ 1767ರಲ್ಲಿ ಬ್ರೆಜಿಲ್ಲಿನಲ್ಲಿ ಈ ಬಳ್ಳಿಯನ್ನು ಸಂಗ್ರಹಿಸಿದನು. ಅವನ ಸಹಾಯಕನಾಗಿ ಗಿಡಮೂಲಿಕೆಗಳ ಹೊರೆ ಹೊತ್ತು ಗುಡ್ಡ ಹತ್ತುತ್ತಿದ್ದವನು ಝಾಂ ಬಾರೆ. ಅವನು ಗಂಡಸಲ್ಲ, ಝಾನ್ ಬಾರೆ ಎಂಬ ಹೆಂಗಸು! 1740ರಲ್ಲಿ ಬರ್ಗಂಡಿಯ ಬಡ ಕುಟುಂಬದಲ್ಲಿ ಹುಟ್ಟಿದವಳು, ಕಾಮೆರ್ಸೊಂನ ಮನೆವಾರ್ತೆ ನೋಡಿಕೊಳ್ಳುತ್ತಿದ್ದವಳು. ದೊರೆಯ ಹಡಗಿನಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ಹೆಸರಿನ ಕೊನೆಯ ಎರಡು ಅಕ್ಷರ ಬಿಟ್ಟು, ಗಂಡುಡುಗೆ ತೊಟ್ಟು ಹಡಗು ಏರಿದಳು. 1768ರಲ್ಲಿ ತಹೀತಿ ದ್ವೀಪದಲ್ಲಿ ಗುಟ್ಟು ರಟ್ಟಾಯಿತೆಂದು ಬೂಗೆಂವೀಲ್ ಬರೆದಿದ್ದಾನೆ. ಅವಳೂ ಕಾಮೆರ್ಸೊಂನೂ ಮಾರಿಷಸ್ಸಿನಲ್ಲಿ ಇಳಿದುಕೊಂಡರು. 1773ರಲ್ಲಿ ಅವನು ಸತ್ತ ಮೇಲೆ ಅವಳು ಫ್ರೆಂಚ್ ಸಿಪಾಯಿಯೊಬ್ಬನನ್ನು ಮದುವೆಯಾಗಿ ಸುಮಾರು 1775ರಲ್ಲಿ ಫ್ರಾನ್ಸಿಗೆ ಮರಳಿದಳು. ಹೀಗೆ ಭೂಪ್ರದಕ್ಷಿಣೆ ಮಾಡಿದ ಮೊದಲ ಹೆಂಗಸೆಂಬ ಕೀರ್ತಿ ಅವಳದು. ಗಂಡನ ಹೆಸರು ಝಾಂ ಎಂದೇ ಆಗಿದ್ದುದು ಕಾಕತಾಳೀಯ. 1785ರಲ್ಲಿ ಸರ್ಕಾರ ಅವಳಿಗೆ ವರ್ಷಕ್ಕೆ 200 ಲೀವ್ರ್ ಪಿಂಚಣಿ ಗೊತ್ತು ಮಾಡಿತು. ಕಾಮೆರ್ಸೊಂ ಒಂದು ಗಿಡಕ್ಕೆ ಅವಳ ಹೆಸರಿಡಬೇಕೆಂದಿದ್ದನಾದರೂ ಅದು ನಿಲ್ಲಲಿಲ್ಲ. ಕಡೆಗೆ 2012ರಲ್ಲಿ, ಅವಳು ಸತ್ತು 205 ವರ್ಷಗಳಾದ ಮೇಲೆ, ಬದನೆ, ಆಲೂಗಡ್ಡೆಗಳ ಕುಲಕ್ಕೆ ಸೇರಿದ ದಕ್ಷಿಣ ಅಮೆರಿಕದ ಒಂದು ಗಿಡಕ್ಕೆ ವಿಜ್ಞಾನಿಗಳು ಅವಳ ಹೆಸರನ್ನು ಇಟ್ಟರು.

ಝಾನ್ ದಾರ್ಕಳ ಮೇಲಿದ್ದ ಆರೋಪಗಳಲ್ಲಿ ಗಂಡುಡುಗೆ ತೊಟ್ಟದ್ದೂ ಒಂದು. ಝಾನ್ ಬಾರೆಗೆ ಅದೇ ಉಡುಗೆ ಜಗತ್ತನ್ನು ತೋರಿಸಿತು. ಎರಡೂ ಕಾಲಗಳಲ್ಲಿ ಹೆಣ್ಣು ತನ್ನ ಹೆಸರಿನಲ್ಲಿ, ತನ್ನ ಉಡುಗೆಯಲ್ಲಿ ಆ ಕೆಲಸ ಮಾಡುವಂತಿರಲಿಲ್ಲ ಎಂಬುದು ಗಮನಾರ್ಹ.

ಫ್ರಾನ್ಸಿನಲ್ಲಿ ಹೆಸರಿಡುವ ಪದ್ಧತಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ನಮ್ಮಲ್ಲಿ ನಕ್ಷತ್ರ, ಮನೆದೇವರು, ಅಜ್ಜ ಅಜ್ಜಿಯರ ಹೆಸರು ನೋಡಿ ನಾಮಕರಣ ಮಾಡುವಂತೆ ಅಲ್ಲಿ ಸಂತರ ಪಂಚಾಂಗ ನೋಡುತ್ತಿದ್ದರು. 1803ರಲ್ಲಿ ಅದು ಕಾನೂನೇ ಆಯಿತು. ಪಂಚಾಂಗಗಳಲ್ಲಿರುವ ಹೆಸರು, ಇಲ್ಲವೆ ಪ್ರಾಚೀನ ಚರಿತ್ರೆಯ ಹೆಸರು, ಇವೆರಡನ್ನು ಬಿಟ್ಟು ಬೇರೆ ಹೆಸರನ್ನು ನೋಂದಾಯಿಸುವಂತಿರಲಿಲ್ಲ. 1966ರಲ್ಲಿ ಈ ಕಟ್ಟು ಸಡಿಲವಾಯಿತು. 1993ರ ಕಾನೂನು ತಂದೆತಾಯಿಗಳಿಗೆ ಇಷ್ಟಬಂದ ಹೆಸರಿಡುವ ಸ್ವಾತಂತ್ರ್ಯ ಕೊಟ್ಟಿತು. ಇಂಥ ಕಟ್ಟಿನ ಕಾಲದಲ್ಲಿ ಝಾನ್ ಎಂಬ ಹೆಸರು ಮನೆಮನೆಯಲ್ಲಿದ್ದುದರಲ್ಲಿ ಆಶ್ಚರ್ಯವಿಲ್ಲ. 20ನೆಯ ಶತಮಾನದ ಆರಂಭದಲ್ಲಿ ಫ್ರೆಂಚ್ ಹೆಣ್ಣುಮಕ್ಕಳ ಹೆಸರುಗಳಲ್ಲಿ ಮಾರೀ ಮೊದಲನೆಯದಾದರೆ ಝಾನ್ ಎರಡನೆಯದು. 122 ವರ್ಷ ಬದುಕಿ 1997ರಲ್ಲಿ ತೀರಿಕೊಂಡ ಝಾನ್ ಕಾಲ್ಮಾಂ ಎಂಬ ಅಜ್ಜಿ ಆ ಹಳೆಯ ಪೀಳಿಗೆಯವಳು. 1930ರ ದಶಕದ ಹೊತ್ತಿಗೆ ಝಾನೀನ್ ಎಂಬ ಮುದ್ದಿನ ರೂಪ ಮುಂದೆ ಬಂದು, ಬರಿಯ ಝಾನ್ ಅಜ್ಜಿಯರ ಹೆಸರಾಗಿಬಿಟ್ಟಿತು. ಆ ಶತಮಾನ ಮುಗಿಯುವ ಹೊತ್ತಿಗೆ ಮತ್ತೆ ಮೊಮ್ಮಕ್ಕಳಿಗೆ ಬಂತು. ನಮ್ಮ ಮನೆಗಳಲ್ಲೂ ಅಜ್ಜಿಯ ಹೆಸರು ಮೊಮ್ಮಗಳಿಗೆ ಬರುವುದಿಲ್ಲವೆ!

ಕಡೆಯದಾಗಿ ಹೇಳಬೇಕಾದವಳು ಝಾನ್ ಜುಗಾಂ. ಇವಳ ಹೆಸರು ಕೇಳಿದವರು ಕಡಿಮೆ. ಇವಳಿಂದ ಆದ ಉಪಕಾರವನ್ನು ನಮ್ಮ ಎರಡೂ ಊರುಗಳು ಕಂಡಿವೆ. ಫ್ರಾನ್ಸಿನ ಕಡಲ ಕರೆಯ ಕಾಂಕಾಲ್ ಎಂಬ ಹಳ್ಳಿಯಲ್ಲಿ 1792ರಲ್ಲಿ ಹುಟ್ಟಿದಳು; ತಂದೆ ಸಮುದ್ರದ ಪಾಲಾದ ಬೆಸ್ತ. ಮನೆಗೆಲಸ, ಆಸ್ಪತ್ರೆಯ ಕೆಲಸ ಮಾಡಿಕೊಂಡಿದ್ದ ಝಾನ್ 1839ರ ಚಳಿಗಾಲದಲ್ಲಿ ಕಣ್ಣು ಕಾಣದ ನಿರ್ಗತಿಕ ಮುದುಕಿಯೊಬ್ಬಳನ್ನು ತನ್ನ ಮನೆಗೆ ತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಒಬ್ಬರು ಇಬ್ಬರಾದರು, ಇಬ್ಬರು ಹತ್ತಾದರು. ಅವರನ್ನು ಸಾಕಲು ಝಾನ್ ಬುಟ್ಟಿ ಹಿಡಿದು ಮನೆಮನೆಗೆ ಭಿಕ್ಷೆಗೆ ಹೋದಳು. 1845ರಲ್ಲಿ ಫ್ರೆಂಚ್ ಅಕಾಡೆಮಿ ಅವಳಿಗೆ 3000 ಫ್ರಾಂಕಿನ ಸೇವಾಪುರಸ್ಕಾರ ಕೊಟ್ಟಿತು. 'ಬಡವರ ಚಿಕ್ಕ ಸಹೋದರಿಯರು' ಎಂಬ ಸಂಘ ಹುಟ್ಟಿದ್ದು ಹೀಗೆ.

ಆದರೆ ಸಂಘ ಬೆಳೆದಂತೆ ಅದರ ಮೇಲ್ವಿಚಾರಣೆಗೆ ಬಂದ ಪಾದ್ರಿ ಲ ಪೈಯೂರ್ ತಾನೇ ಸ್ಥಾಪಕನೆಂದು ಹೇಳಿಕೊಂಡನು. 1843ರಲ್ಲೇ ಅವಳನ್ನು ಮುಖ್ಯಸ್ಥೆಯ ಸ್ಥಾನದಿಂದ ಇಳಿಸಿದ್ದನು. 1852ರಲ್ಲಿ ಒಳಗೆ ಕೂರಿಸಿಬಿಟ್ಟನು. ಸಂಘದಲ್ಲಿ ಅವಳಿಗೆ 'ಶಿಲುಬೆಯ ಮೇರಿ' ಎಂಬ ಹೆಸರು. 27 ವರ್ಷ ಅವಳು ಸಾಮಾನ್ಯ ಸನ್ಯಾಸಿನಿಯಂತೆ ಬಾಳಿದಳು. ಸಂಘಕ್ಕೆ ಹೊಸದಾಗಿ ಸೇರಿದ ಹುಡುಗಿಯರಿಗೆ ತಮ್ಮ ಪಕ್ಕದಲ್ಲಿ ಕೂತು ಜಪಮಣಿ ಎಣಿಸುವ ಮುದುಕಿಯೇ ಸಂಘವನ್ನು ಕಟ್ಟಿದ ಝಾನ್ ಎಂದು ತಿಳಿದಿರಲಿಲ್ಲ. 1879ರ ಆಗಸ್ಟ್ 29ರಂದು ಅವಳು ತೀರಿಕೊಂಡಾಗ ಸಂಘದಲ್ಲಿ 2000ಕ್ಕೂ ಮಿಕ್ಕ ಸಹೋದರಿಯರಿದ್ದರು. 1890ರಲ್ಲಿ ರೋಮ್ ವಿಚಾರಣೆ ನಡೆಸಿ ಆ ಪಾದ್ರಿಯನ್ನು ಅಧಿಕಾರದಿಂದ ತೆಗೆಯಿತು. ಆಮೇಲೆ ನಿಧಾನವಾಗಿ ಅವಳ ಹೆಸರು ಹೊರಗೆ ಬಂತು. 2009ರ ಅಕ್ಟೋಬರ್ 11ರಂದು ಪೋಪ್ 16ನೆಯ ಬೆನೆಡಿಕ್ಟರು ಅವಳನ್ನು ಸಂತಳೆಂದು ಘೋಷಿಸಿದರು.

ಬೆಂಗಳೂರಿನ ಹೊಸೂರು ರಸ್ತೆಯಲ್ಲೂ ನಮ್ಮ ಸಿಕಂದರಾಬಾದಿನಲ್ಲೂ ಈ ಸಹೋದರಿಯರು ನಡೆಸುವ ವೃದ್ಧಾಶ್ರಮಗಳಿವೆ. ಜಾತಿ ಮತ ನೋಡದೆ ದಿಕ್ಕಿಲ್ಲದ ಮುದುಕರನ್ನು ಸಾಕುವ, ಊರವರ ಕೊಡುಗೆಯಿಂದಲೇ ನಡೆಯುವ ಸಂಸ್ಥೆಗಳಿವು. ಮಕ್ಕಳು ದೂರ ದೇಶಗಳಿಗೆ ಹೋಗಿ, ತಾರ್ನಾಕ, ಹಬ್ಸಿಗೂಡ, ಸೀತಾಫಲಮಂಡಿಗಳ ಮನೆಗಳಲ್ಲಿ ಹಿರಿಯರೇ ಉಳಿಯುತ್ತಿರುವ ಈ ಕಾಲದಲ್ಲಿ ಇಂಥ ಕೆಲಸದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಸಂಘದ ಸದಸ್ಯರು ಹಬ್ಬಹರಿದಿನಗಳಲ್ಲಿ ಇಂಥ ಆಶ್ರಮಗಳಿಗೆ ಅಕ್ಕಿ, ಬೇಳೆ, ಹಣ್ಣು ಕೊಟ್ಟು ಬರುವುದು ಯೋಗ್ಯವಾದ ಪದ್ಧತಿಯಾದೀತು.

ಫ್ರೆಂಚ್ ಕಲಿಯಬೇಕೆನ್ನುವ ಮಕ್ಕಳಿಗೆ ತಾರ್ನಾಕದ ಮಗ್ಗುಲಲ್ಲೇ ಅನುಕೂಲವಿದೆ. 1958ರಲ್ಲಿ ಇಂಗ್ಲಿಷ್ ಬೋಧನೆಗಾಗಿ ಆರಂಭವಾದ ಕೇಂದ್ರ ಸಂಸ್ಥೆ 1972ರಲ್ಲಿ ವಿದೇಶೀ ಭಾಷೆಗಳನ್ನೂ ಸೇರಿಸಿಕೊಂಡು, 2007ರಲ್ಲಿ ಕೇಂದ್ರ ವಿಶ್ವವಿದ್ಯಾನಿಲಯವಾಗಿದೆ. ಅಲ್ಲಿ ಫ್ರೆಂಚ್ ಪಾಠ ನಡೆಯುತ್ತದೆ. ತಾರ್ನಾಕ ಎಂಬ ಹೆಸರೂ 'ತಾರ್' ಎಂದರೆ ತಂತಿಬೇಲಿ, 'ನಾಕಾ' ಎಂದರೆ ಕಾವಲುಕಟ್ಟೆ ಎಂಬ ಎರಡು ಮಾತು ಸೇರಿ ಆದದ್ದೆಂದು ಹಿರಿಯರು ಹೇಳುತ್ತಾರೆ. ಬೇಲಿ ಹೋಗಿ ಬಹಳ ಕಾಲವಾಯಿತು. ಹೆಸರುಗಳು ಮಾತ್ರ ಉಳಿಯುತ್ತವೆ, ಕೆಲವೊಮ್ಮೆ ರೂಪ ಕೆಟ್ಟು, ಕೆಲವೊಮ್ಮೆ ಇನ್ನೊಬ್ಬರ ಹೆಸರಿನ ಕೆಳಗೆ ಹುದುಗಿ. ಅವುಗಳನ್ನು ಕೆದಕಿ ನೋಡಿದರೆ, ಹೊಲದ ಒಕ್ಕಲಿನ ಮಗಳು, ಪಾಂಡಿಚೇರಿಯ ಮದಾಂ, ಮೂಲಿಕೆ ಹೊತ್ತ ಸಹಾಯಕಿ, ಭಿಕ್ಷೆಯ ಬುಟ್ಟಿ ಹಿಡಿದ ಬೆಸ್ತರವಳು, ಹೀಗೆ ಯಾರುಯಾರೋ ಕಾಣಸಿಗುತ್ತಾರೆ. ನಮ್ಮ ನಮ್ಮ ಮನೆಗಳ ಅಜ್ಜಿಯರ ಹೆಸರುಗಳನ್ನೂ, ಅವರು ತವರಿನಲ್ಲಿ ಏನೆಂದು ಕರೆಸಿಕೊಳ್ಳುತ್ತಿದ್ದರೆಂಬುದನ್ನೂ ಈಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಹೆಸರು ಬದಲಿಸುವ ಪದ್ಧತಿ ನಮ್ಮಲ್ಲಿಯೂ ಇತ್ತು. ಆ ಮೊದಲಿನ ಹೆಸರುಗಳನ್ನು ಬಲ್ಲವರು ದಿನೇದಿನೇ ಕಡಿಮೆಯಾಗುತ್ತಿದ್ದಾರೆ.